ಬಾಂಬ್ ಇದೆ ಅಂತ ಮೇಲ್ ಬಂದ ಮೇಲೆ

2024ರ ಅಕ್ಟೋಬರ್ 4. ಬೆಂಗಳೂರಿನ ಬಿಎಂಎಸ್, ಎಂ.ಎಸ್. ರಾಮಯ್ಯ, ಬಿಐಟಿ, ಈ ಮೂರು ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಹುಡುಕಿದರೆ ಏನೂ ಸಿಗಲಿಲ್ಲ. 2023ರ ಡಿಸೆಂಬರ್ 1ರ ಬೆಳಗ್ಗೆ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಂದಿದ್ದೂ ಹುಸಿ ಮೇಲೇ. ಆದರೆ 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ನಿಜವಾಗಿ ಬಾಂಬ್ ಇಟ್ಟವನು ಯಾರಿಗೂ ಮೇಲ್ ಕಳಿಸಿರಲಿಲ್ಲ. ಬಂದ, ಬ್ಯಾಗ್ ಇಟ್ಟ, ಹೋದ.

ಹಾಗಂತ ಮೇಲ್ ಬಂದಾಗ ಸುಮ್ಮನೆ ಕೂರೋಕಾಗುತ್ತಾ? ಆಗಲ್ಲ. ಮಕ್ಕಳ ಜೀವ ಇಟ್ಟು ಜೂಜಾಡೋಕೆ ಯಾವ ಪ್ರಿನ್ಸಿಪಾಲರಿಗೂ ಹಕ್ಕಿಲ್ಲ. ಆದರೆ ಬೆದರಿಕೆಯನ್ನು ನಿಜ ಅಂತ ತಗೊಳ್ಳೋದು ಬೇರೆ, ಕೂಡಲೇ ಬೆಲ್ ಹೊಡೆದು ಎಲ್ಲರನ್ನೂ ಓಡಿಸೋದು ಬೇರೆ. ನಮ್ಮಲ್ಲಿ ಎಡವಟ್ಟಾಗೋದೇ ಇಲ್ಲಿ.

ಬೆಂಕಿ ಬಿದ್ದಾಗ ಏನು ಹೇಳಿಕೊಡ್ತಾರೆ? ಬ್ಯಾಗ್ ಬಿಡಿ, ಬಾಗಿಲು ಹಾಕಿ, ಹೊರಗೆ ಓಡಿ. ಬಾಂಬ್ ವಿಷಯದಲ್ಲಿ ಇದು ಹೆಚ್ಚುಕಮ್ಮಿ ಉಲ್ಟಾ. ಕೈಗೆ ಸಿಗೋ ನಿಮ್ಮದೇ ಬ್ಯಾಗ್ ತಗೊಂಡೇ ಹೊರಡಿ. ಸಾವಿರ ಬ್ಯಾಗ್ ಬಿಟ್ಟು ಹೋದರೆ ಪೊಲೀಸರು ಸಾವಿರ ಬ್ಯಾಗನ್ನೂ ಅನುಮಾನದಿಂದ ನೋಡಬೇಕು. ಬಾಗಿಲು, ಕಿಟಕಿ ತೆರೆದೇ ಇರಲಿ. ಇಳಿಯೋ ಮೆಟ್ಟಿಲು, ಹೋಗಿ ನಿಲ್ಲೋ ಮೈದಾನ, ಇವೆರಡನ್ನೂ ಮೊದಲೇ ಒಮ್ಮೆ ನೋಡಿಕೊಂಡಿರಬೇಕು. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಬಾಂಬ್ ಸಿಡಿದಿದ್ದು ಒಳಗಿನ ಗ್ಯಾಲರಿಯಲ್ಲಲ್ಲ, ಹೊರಗೋಡೆಯ ಹತ್ತಿರ. ಹಾಗಾಗಿ ಹುಡುಗರನ್ನು ಗೇಟ್ ಮುಂದೆ, ಬೈಕ್ ನಿಲ್ಲಿಸೋ ಜಾಗದಲ್ಲಿ ಗುಂಪು ಹಾಕಿಸಬೇಡಿ.

ಈಗ ರಾಮನಗರ ಜಿಲ್ಲೆಗೆ ಬರೋಣ. ಹೆಸರು ಬೆಂಗಳೂರು ದಕ್ಷಿಣ ಅಂತಾದರೂ ಜನರ ಬಾಯಲ್ಲಿ ಇನ್ನೂ ರಾಮನಗರವೇ. ರಾಮನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಹಾರೋಹಳ್ಳಿ, ಕನಕಪುರ ರಸ್ತೆ ಕಡೆ ಖಾಸಗಿ ವಿಶ್ವವಿದ್ಯಾಲಯಗಳ ಕ್ಯಾಂಪಸ್‌ಗಳಿವೆ, ಚನ್ನಪಟ್ಟಣ, ಮಾಗಡಿಯಲ್ಲಿ ಡಿಗ್ರಿ ಕಾಲೇಜುಗಳಿವೆ. 112ಕ್ಕೆ ಫೋನ್ ಮಾಡಿದರೆ ಲೋಕಲ್ ಪೊಲೀಸರು ಬೇಗ ಬಂದಾರು. ತಜ್ಞರ ದಳ ಬೆಂಗಳೂರಿಂದಲೇ ಬರಬೇಕಾಗಿ ಬಂದರೆ ಸುಮಾರು ಐವತ್ತು ಕಿಲೋಮೀಟರ್, ಜೊತೆಗೆ ಟ್ರಾಫಿಕ್. ಅಲ್ಲಿವರೆಗೆ ಕ್ಯಾಂಪಸ್ ಇರೋದು ಪ್ರಿನ್ಸಿಪಾಲ್, ಅಟೆಂಡರ್, ಸೆಕ್ಯುರಿಟಿಯವರ ಕೈಯಲ್ಲಿ. ದಿನಾ ಕಸ ಗುಡಿಸೋ ಅಮ್ಮನಿಗೆ ಗೊತ್ತಿರುತ್ತೆ, ಈ ಡಬ್ಬ ನಿನ್ನೆ ಇಲ್ಲಿರಲಿಲ್ಲ ಅಂತ. ಆ ಕಣ್ಣು ಯಾವ ನಾಯಿಗೂ, ಯಾವ ಸ್ಕ್ಯಾನರ್‌ಗೂ ಇಲ್ಲ. ಆದರೆ ಅವರು ನೋಡಿ ಹೇಳಬೇಕು ಅಷ್ಟೇ, ಮುಟ್ಟೋ ಹಾಗಿಲ್ಲ.

ಈ ಮಾತು ಇಲ್ಲಿ ಒತ್ತಿ ಹೇಳಬೇಕು. ಕಲ್ಲು ಕ್ವಾರಿಗಳ ಸೀಮೆ ಇದು. ಜಿಲೆಟಿನ್ ಕಡ್ಡಿ ಕಂಡವರು ಇಲ್ಲಿದ್ದಾರೆ, "ಇದೇನು ಹೊಸದಾ" ಅಂತ ಕೈ ಹಾಕೋ ಧೈರ್ಯವೂ ಇರುತ್ತೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಬಚ್ಚಿಟ್ಟಿದ್ದ ಜಿಲೆಟಿನ್ ಸಾಗಿಸೋಕೆ ಹೋಗಿ ಆರು ಜನ ಸತ್ತರು. ಅನುಮಾನದ ವಸ್ತುವಿನ ಹತ್ತಿರ ನಿಂತು ಮೊಬೈಲ್, ವಾಕಿಟಾಕಿ ಬಳಸಬೇಡಿ ಅನ್ನೋದಕ್ಕೂ ಕಾರಣ ಇದೆ. ಎಲೆಕ್ಟ್ರಿಕ್ ಡಿಟೋನೇಟರ್‌ನ ವೈರ್ ಕೆಲವೊಮ್ಮೆ ಆ್ಯಂಟೆನಾ ಥರ ರೇಡಿಯೋ ಅಲೆಯನ್ನು ಹಿಡಿಯುತ್ತೆ, ಹುಟ್ಟಿದ ಸಣ್ಣ ಕರೆಂಟೇ ಅಪಾಯವಾಗಬಹುದು. ದೂರ ಬನ್ನಿ, ಆಮೇಲೆ ಮಾತಾಡಿ. ಸೆಲ್ಫಿ ಅಂತೂ ಬೇಡವೇ ಬೇಡ.

ಮೇಲ್ ಡಿಲೀಟ್ ಮಾಡಬೇಡಿ, ವಾಟ್ಸ್‌ಆ್ಯಪ್ ಗ್ರೂಪಿಗೂ ಹಾಕಬೇಡಿ. ಅದು ಎಲ್ಲಿಂದ ಬಂತು ಅನ್ನೋ ಸುಳಿವು ಮೂಲ ಮೇಲ್‌ನ ಹೆಡರ್‌ನಲ್ಲಿರುತ್ತೆ, ಸ್ಕ್ರೀನ್‌ಶಾಟ್‌ನಲ್ಲಿ ಇರಲ್ಲ. ಫೋನ್ ಬಂದರೆ ಇಡಬೇಡಿ, ಮಾತಾಡಿಸ್ತಾ ಆಡಿದ ಮಾತನ್ನು ಹಾಗೇ ಬರೆದುಕೊಳ್ಳಿ. ಹೆಸರು ಮರೆಸಿ ಬೆದರಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(4)ರಲ್ಲಿ ಇನ್ನೂ ಎರಡು ವರ್ಷದವರೆಗೆ ಹೆಚ್ಚುವರಿ ಜೈಲಿದೆ. ತಮಾಷೆಗೆ ಮಾಡಿದೆ ಅನ್ನೋ ಹುಡುಗರು ಕೇಳಿಸಿಕೊಳ್ಳಿ.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಡಿಸೆಂಬರ್ 1ರಂದು ಕನಕಪುರದ ಶಾಸಕರೂ ಆದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಟಿವಿ ನೋಡಿ ಗಾಬರಿಯಾಗಿ ತಮ್ಮ ಮನೆ ಎದುರಿನ ಶಾಲೆಗೆ ಹೋಗಿದ್ದರು. ನಮ್ಮ ಬ್ರೇಕಿಂಗ್ ನ್ಯೂಸ್ ಸದ್ದು ಅಂಥದ್ದು! ಆದರೂ ಗೇಟ್ ಮುಂದೆ ನಿಮ್ಮ ಕಾರು ನಿಂತರೆ ಬಾಂಬ್ ದಳದ ವ್ಯಾನ್ ಒಳಗೆ ಹೋಗೋದು ಹೇಗೆ?

ಕಾಲೇಜಿನವರು ಇವತ್ತೇ ನೋಡಿಕೊಳ್ಳಬೇಕಾದ್ದು ಇನ್ನೊಂದಿದೆ. ಲ್ಯಾಬ್, ಸ್ಟೋರ್ ರೂಮ್, ಟೆರೇಸ್ ಕೀಲಿ ಯಾರ ಹತ್ತಿರ ಇದೆ? ಅವರು ರಜೆ ಹಾಕಿದ ದಿನ?