ಜಟಾಯುವಿನ ರೆಕ್ಕೆಗಳು

ಶಾಲೆಯ ಸ್ನೇಹಸಮ್ಮೇಳನದಲ್ಲಿ ರಾಮಾಯಣದ ಪ್ರಸಂಗವನ್ನು ಆಡುವಾಗ ರಾಮನ ಬಿಲ್ಲೂ ರಾವಣನ ಖಡ್ಗವೂ ಸುಲಭವಾಗಿ ಸಿದ್ಧವಾಗುತ್ತವೆ. ಕಷ್ಟವಿರುವುದು ಜಟಾಯುವಿನ ರೆಕ್ಕೆಗಳಲ್ಲಿ. ಅವು ಬಡಿಯಬೇಕು, ರಾವಣನು ಕತ್ತರಿಸಿದೊಡನೆ ಕಳಚಿ ಬೀಳಲೂ ಬೇಕು, ಆದರೆ ಧರಿಸಿದ ಬಾಲಕನಿಗೆ ಕಿಂಚಿತ್ತೂ ನೋವಾಗಕೂಡದು. ಅಂತಹ ರೆಕ್ಕೆಗಳನ್ನು ಮನೆಯಲ್ಲಿಯೇ ಮಾಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಮಾತು. ರೆಕ್ಕೆಗಳ ಭಾರವನ್ನು ಬೆನ್ನು ಹೊರಬೇಕೇ ಹೊರತು ಕೈಗಳಲ್ಲ. ಚಾಚಿದ ತೋಳಿಗೆ ಹಗುರಾದ ವಸ್ತುವೂ ಕ್ಷಣದಲ್ಲಿ ಭಾರವಾಗುತ್ತದೆ. ದಣಿದ ಬಾಲಕನು ತನ್ನ ಮಾತನ್ನೇ ಮರೆಯುತ್ತಾನೆ.

ಕಿರಾಣಿ ಅಂಗಡಿಯ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ತನ್ನಿರಿ. ಅದರಿಂದ 20 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಎರಡು ತುಂಡುಗಳನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸಿರಿ. ಇದು ಬೆನ್ನಿನ ಹಲಗೆ. ನಾಲ್ಕು ರಂಧ್ರಗಳನ್ನು ಕೊರೆದು, ಅಗಲವಾದ ಬಟ್ಟೆಯ ಪಟ್ಟಿಗಳನ್ನು ಪೋಣಿಸಿ, ಪಾಟೀಚೀಲದಂತೆ ಎರಡೂ ಹೆಗಲಿಗೆ ಬರುವಂತೆ ಕಟ್ಟಿರಿ. ಕೊರಳಿಗೆ ಯಾವ ದಾರವನ್ನೂ ಸುತ್ತಲಾಗದು.

ಹತ್ತು ವರ್ಷದ ಬಾಲಕನಿಗೆ ಒಂದೊಂದು ರೆಕ್ಕೆಯೂ 60 ಸೆಂ.ಮೀ. ಉದ್ದ, ಬುಡದಲ್ಲಿ 15 ಸೆಂ.ಮೀ., ನಡುವೆ 30 ಸೆಂ.ಮೀ. ಅಗಲವಿದ್ದರೆ ಸಾಕು. ರಟ್ಟಿನೊಳಗಿನ ಸುಕ್ಕುಗಳು ರೆಕ್ಕೆಯ ಉದ್ದಕ್ಕೆ ಸಾಗಬೇಕು. ಅಡ್ಡಲಾದರೆ ರೆಕ್ಕೆ ನಡುವಿನಲ್ಲಿ ಮಡಿಚಿಕೊಳ್ಳುವುದು.

ವಾಲ್ಮೀಕಿಯ ಜಟಾಯು ಹದ್ದುಜಾತಿಯ ಗೃಧ್ರ, ಎಂದರೆ ರಣಹದ್ದು. ರಣಹದ್ದು ಹಾರುವಾಗ ಅದರ ರೆಕ್ಕೆಯ ತುದಿಗರಿಗಳು ಬೆರಳುಗಳಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಆದುದರಿಂದ ತುದಿಯನ್ನು ಐದು ಬೆರಳುಗಳಾಗಿ ಸೀಳಿರಿ. ಕಂದು ಕಾಗದದ ಗರಿಗಳನ್ನು ಕೆಳಅಂಚಿನಿಂದ ಅಂಟಿಸುತ್ತ ಬನ್ನಿರಿ. ಮಾಡಿಗೆ ಹೆಂಚು ಹೊದಿಸುವಂತೆ, ಮೇಲಿನ ಸಾಲು ಕೆಳಗಿನ ಸಾಲಿನ ಬುಡವನ್ನು ಮುಚ್ಚಬೇಕು.

ಇನ್ನು ಜೋಡಣೆ. ಹಲಗೆಯ ಪ್ರತಿ ಅಂಚಿಗೆ ಮೂರು, ರೆಕ್ಕೆಯ ಬುಡಕ್ಕೆ ಎರಡು ಲಾಡಿಯ ಕುಣಿಕೆಗಳನ್ನು ಹೊಲಿಯಿರಿ. ಬಾಗಿಲಿನ ಕೀಲಿನಂತೆ ಅವುಗಳನ್ನು ಒಂದರ ನಡುವೆ ಒಂದನ್ನಿರಿಸಿ, 18 ಸೆಂ.ಮೀ. ಉದ್ದದ ನಯವಾದ ಬಿದಿರುಕಡ್ಡಿಯನ್ನು ಬಿಗಿಯಾಗಿ ತೂರಿಸಿರಿ. ಕಡ್ಡಿಯ ತುದಿಗಳನ್ನು ಉಜ್ಜಿ ಮೊಂಡಾಗಿಸಿ, ಕೆಳತುದಿಗೆ ಸೊಂಟದವರೆಗೆ ಇಳಿಯುವ ದಾರವನ್ನು ಕಟ್ಟಿರಿ. ರೆಕ್ಕೆಯ ಒಳಮೈಗೆ, ಕೈ ಸಹಜವಾಗಿ ತಲಪುವೆಡೆ, ಲಾಡಿಯ ಹಿಡಿಯೊಂದಿರಲಿ. ಅದನ್ನು ಹಿಡಿದು ಆಡಿಸಿದರೆ ರೆಕ್ಕೆ ಬಡಿಯುವುದು.

ರಾವಣನ ರಟ್ಟಿನ ಖಡ್ಗ ರೆಕ್ಕೆಯ ತುದಿಗೆ ತಾಗಿದೊಡನೆ ಜಟಾಯುವೇ ಹಿಡಿಯನ್ನು ಬಿಟ್ಟು ದಾರವನ್ನು ಕೆಳಕ್ಕೆಳೆಯಬೇಕು. ಕಡ್ಡಿ ಜಾರುತ್ತದೆ, ರೆಕ್ಕೆ ಬೀಳುತ್ತದೆ. ಮುಖದತ್ತ ಖಡ್ಗ ಬೀಸಲೇಬಾರದು. ಕಾಗದದ ಗರಿಗಳಾದುದರಿಂದ ಉರಿಯುವ ದೀಪವೂ ಬಳಿಯಲ್ಲಿರಕೂಡದು. ರಾವಣನೂ ಜಟಾಯುವೂ ಕೂಡಿ ಇದನ್ನು ಹಲವು ಬಾರಿ ಅಭ್ಯಾಸ ಮಾಡತಕ್ಕದ್ದು. ಆಗ ಪ್ರೇಕ್ಷಕರು ಬಾಲಕನಿಗಾಗಿ ಅಂಜದೆ, ಸೀತೆಯನ್ನು ಬಿಡಿಸಹೋಗಿ ಬಿದ್ದ ಆ ಮುದಿಹಕ್ಕಿಗಾಗಿಯೇ ಮರುಗುವರು.