ಮೆಜೆಸ್ಟಿಕ್‌ನ ನೆಲದಡಿ

ರೈಲು ಹಳಿಯೇ ಇಲ್ಲದ ಜಿಲ್ಲೆ ಕೊಡಗು. ಮೈಸೂರು–ಕುಶಾಲನಗರ ಮಾರ್ಗದ ಮಾತು ಆಗಾಗ ಎದ್ದು ತಣ್ಣಗಾಗುತ್ತದೆ. ಮಡಿಕೇರಿಯವರು ರಾತ್ರಿ ಬಸ್ಸಿಗೇ ಸೀಟು ಕಾದಿರಿಸುತ್ತಾರೆ. ಆ ಬಸ್ಸು ಬೆಳಗಿನ ಜಾವ ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿಸಿದರೆ, ಹತ್ತಿರದ ದೀಪಾಂಜಲಿನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಸಿಗುತ್ತದೆ. ತಾರಸಿಗಳ ಮೇಲೆ ಒಣಗುವ ಬಟ್ಟೆ ನೋಡುತ್ತಾ ಕೂತವರನ್ನು ರೈಲು ಮಾಗಡಿ ರಸ್ತೆ ದಾಟಿದ್ದೇ ನೆಲದೊಳಕ್ಕೆ ಇಳಿಸುತ್ತದೆ. ಅಲ್ಲಿಂದ ಎರಡನೆಯದೇ ನಾಡಪ್ರಭು ಕೆಂಪೇಗೌಡ ನಿಲ್ದಾಣ. ಜನರ ಬಾಯಲ್ಲಿ ಮೆಜೆಸ್ಟಿಕ್.

ಇಲ್ಲೊಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಬತ್ತಿದ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು, ಈಗ ಅದರಡಿ ಮೆಟ್ರೊ. ನೇರಳೆ ರೈಲು 2016ರ ಏಪ್ರಿಲ್ ಕೊನೆಗೆ ಓಡಿತು, ಹಸಿರು 2017ರ ಜೂನ್‌ನಲ್ಲಿ. ಚಿಕ್ಕಪೇಟೆ ಕಡೆಯಿಂದ ಸುರಂಗ ಕೊರೆದ ಯಂತ್ರಗಳಿಗೆ ಇಟ್ಟ ಹೆಸರು ಕೃಷ್ಣಾ, ಕಾವೇರಿ. ಬೆಂಗಳೂರು ಕುಡಿಯುವುದೂ ಕಾವೇರಿ, ಬಂಡೆ ಕೊರೆಸಿದ್ದೂ ಕಾವೇರಿಯಿಂದ. ಭಾಗಮಂಡಲದವರು ಇನ್ನೇನು ಕೊಡಬೇಕೋ!

ನೇರಳೆ ರೈಲಿನಿಂದ ಇಳಿದವರು ಹಸಿರಿಗೆ ಹೋಗಲು ಇನ್ನೊಂದು ಅಂತಸ್ತು ಕೆಳಗಿಳಿಯಬೇಕು. ಬೆಳಿಗ್ಗೆ 9ರ ಹೊತ್ತಿಗೆ ಎಸ್ಕಲೇಟರ್ ಬುಡದಲ್ಲಿ ಇಳಿಯುವವರೂ ಹತ್ತುವವರೂ ಮುಖಾಮುಖಿ. ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗವುಚಿಕೊಂಡವರು ದಿನಾ ಓಡಾಡುವವರು. ಕಾಫಿಪುಡಿ, ಕಾಚಂಪುಳಿ ಬಾಟಲಿ ತುಂಬಿದ ಚೀಲ ಹಿಡಿದು ಬಣ್ಣದ ಬೋರ್ಡು ಹುಡುಕುವವರು ನಮ್ಮೂರವರು. ವೈಟ್‌ಫೀಲ್ಡ್ ಕಡೆಯ ಕೆಲವು ರೈಲುಗಳು ಬೆಳಗಿನ ದಟ್ಟಣೆಗೆಂದು ಇಲ್ಲಿಂದಲೇ ಹೊರಡುತ್ತವೆ. ಖಾಲಿ ಬೋಗಿ ಕಂಡರೆ ಸಂಕೋಚ ಬೇಡ, ಕೂತುಬಿಡಿ.

ಮೆಟ್ರೊ ಹತ್ತುವ ಮೊದಲು ತಪಾಸಣೆಯಿದೆ. ಚೀಲಗಳು ಸ್ಕ್ಯಾನರ್ ಹೊಟ್ಟೆಯೊಳಗೆ ಹೋಗಿಬರುತ್ತವೆ, ಚೂಪಾದದ್ದಕ್ಕೆ ಪ್ರವೇಶವಿಲ್ಲ. ವಸಂತನಗರದ ಕೊಡವ ಸಮಾಜದಲ್ಲಿ ಮದುವೆಯೆಂದು ಕುಪ್ಯ–ಚೇಲೆ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡೇ ಹೊರಟವರು ಆಟೋ ಹಿಡಿಯುವುದೇ ಲೇಸು. ಬಂದೂಕಿನ ಲೈಸೆನ್ಸಿಗೆ ನಮಗಿರುವ ವಿನಾಯಿತಿಯನ್ನು ಗೇಟಿನಲ್ಲಿ ವಿವರಿಸುತ್ತಾ ನಿಂತರೆ ಮುಹೂರ್ತ ಮೀರೀತು.

ಮುಂದಕ್ಕೆ ರೈಲು ಹಿಡಿಯಬೇಕಾದವರು ಮೆಜೆಸ್ಟಿಕ್‌ವರೆಗೆ ಬರಬೇಕಿಲ್ಲ, ಒಂದು ನಿಲ್ದಾಣ ಮೊದಲೇ ಸಂಗೊಳ್ಳಿ ರಾಯಣ್ಣದಲ್ಲಿ ಇಳಿಯಬಹುದು. ಶನಿವಾರ ರಾತ್ರಿ ಮಡಿಕೇರಿ ಬಿಡುವವರಿಗೆ ಇನ್ನೊಂದು ಮಾತು: ಭಾನುವಾರ ಮೆಟ್ರೊ ಬಾಗಿಲು ತೆರೆಯುವುದೇ 7ಕ್ಕೆ. ಸ್ಯಾಟಲೈಟ್‌ನಲ್ಲಿ ಕಾಫಿ ಕುಡಿಯಲು ಬೇಕಾದಷ್ಟು ಹೊತ್ತಿರುತ್ತದೆ, ಊರಿನ ಕಾಫಿಯ ರುಚಿ ನಿರೀಕ್ಷಿಸಬೇಡಿ ಅಷ್ಟೆ.