ನವಜಾತ ಶಿಶುವಿನ ಶಸ್ತ್ರಚಿಕಿತ್ಸೆ ಮತ್ತು ಅಂಗಾಂಶಗಳ ಆಮ್ಲಜನಕ

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1930ರಲ್ಲಿ ಮೈಸೂರು ನಗರಕ್ಕೆ ಬಂದಿತು. ಆ ಕಾಲದಲ್ಲಿ ಅರಿವಳಿಕೆ ಕೊಡುವ ವೈದ್ಯರಿಗೆ, ಮೈಸೂರಿನಲ್ಲಾಗಲಿ ಲಂಡನ್ನಿನಲ್ಲಾಗಲಿ, ರೋಗಿಯ ರಕ್ತದ ಆಮ್ಲಜನಕವನ್ನು ಅರಿಯಲು ಇದ್ದ ಮುಖ್ಯ ಸಾಧನ ಅವರ ಕಣ್ಣೇ ಆಗಿದ್ದಿತು. ತುಟಿ ಉಗುರುಗಳು ನೀಲಿಗಟ್ಟಿದರೆ ಅಪಾಯವೆಂದು ತಿಳಿಯುತ್ತಿದ್ದರು. ನವಜಾತ ಶಿಶುವಿನ ವಿಷಯದಲ್ಲಿ ಈ ಲಕ್ಷಣವನ್ನು ನಂಬುವಂತಿಲ್ಲ. ಅದರ ದೇಹವು ತೂಕಕ್ಕೆ ಹೋಲಿಸಿದರೆ ವಯಸ್ಕರಿಗಿಂತ ಸುಮಾರು ಎರಡರಷ್ಟು ಆಮ್ಲಜನಕವನ್ನು ವ್ಯಯಿಸುತ್ತದೆ; ಭ್ರೂಣಾವಸ್ಥೆಯಿಂದ ಉಳಿದುಬಂದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುವುದರಿಂದ ನೀಲಿಬಣ್ಣ ತಡವಾಗಿ ಕಾಣುತ್ತದೆ.

ಹಾಗಾದರೆ ಆಮ್ಲಜನಕವನ್ನು ಧಾರಾಳವಾಗಿ ಕೊಡಬಹುದಲ್ಲವೆ ಎಂದು ಕೇಳಬಹುದು. ಅಕಾಲದಲ್ಲಿ ಜನಿಸಿದ ಶಿಶುಗಳನ್ನು ಕುರುಡಾಗಿಸುತ್ತಿದ್ದ ಒಂದು ನೇತ್ರರೋಗವನ್ನು 1942ರಲ್ಲಿ ಬೋಸ್ಟನ್ನಿನ ಟೆರಿ ಎಂಬ ವೈದ್ಯರು ವರ್ಣಿಸಿದರು. ಮಿತಿಮೀರಿ ಕೊಟ್ಟ ಆಮ್ಲಜನಕವೇ ಅದಕ್ಕೆ ಪ್ರಮುಖ ಕಾರಣವೆಂಬುದು 1950ರ ದಶಕದಲ್ಲಿ ಸಿದ್ಧವಾಯಿತು. ಕೊರತೆಯೂ ಕೇಡು, ಅತಿಯೂ ಕೇಡು. ಆದಕಾರಣ ಅಳತೆ ಅನಿವಾರ್ಯ.

1956ರಲ್ಲಿ ಕ್ಲಾರ್ಕರ ವಿದ್ಯುದಗ್ರವೂ, 1974ರಲ್ಲಿ ಜಪಾನಿನ ಅಯೋಯಾಗಿಯವರ ನಾಡಿಮಾಪಕದ ತತ್ತ್ವವೂ ಪ್ರಕಟವಾದವು. ಇಂದು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈ ಎರಡನೆಯದರ ಸಂತತಿ. ಆದರೆ ಅದು ತಿಳಿಸುವುದು ಅಪಧಮನಿಯ ರಕ್ತದ ಸ್ಥಿತಿಯನ್ನು ಮಾತ್ರ. ಕನ್ನಂಬಾಡಿ ಕಟ್ಟೆ ತುಂಬಿದ ಮಾತ್ರಕ್ಕೆ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿತೆಂದು ಹೇಳಲಾದೀತೆ? ಹಾಗೆಯೇ ಮಿದುಳಿಗೆ ಎಷ್ಟು ತಲುಪಿತೆಂಬುದು ಬೇರೆ ಪ್ರಶ್ನೆ.

ಇದಕ್ಕೆ ದಾರಿ ತೋರಿದವರು ಯೋಬ್ಸಿಸ್. ಕೆಂಪಿನಾಚೆಯ ಅಗೋಚರ ಬೆಳಕು ಚರ್ಮ ಮತ್ತು ಮೂಳೆಯನ್ನು ದಾಟಬಲ್ಲದು. ಆಮ್ಲಜನಕ ಹೊತ್ತ ರಕ್ತವೂ ಅದನ್ನು ಕಳೆದುಕೊಂಡ ರಕ್ತವೂ ಆ ಬೆಳಕನ್ನು ಬೇರೆಬೇರೆಯಾಗಿ ಹೀರುತ್ತವೆ ಎಂಬುದನ್ನು ಬಳಸಿ ಅವರು 1977ರಲ್ಲಿ ಮಿದುಳಿನ ಆಮ್ಲಜನಕವನ್ನು ಹೊರಗಿನಿಂದಲೇ ಅಳೆದರು. ಶಿಶುವಿನ ತಲೆಬುರುಡೆ ತೆಳುವಾದುದರಿಂದ ಈ ವಿಧಾನ ಅದಕ್ಕೆ ವಿಶೇಷವಾಗಿ ಒಪ್ಪುತ್ತದೆ. ಹಣೆಯ ಮೇಲೊಂದು, ಮೂತ್ರಪಿಂಡದ ನೇರಕ್ಕೊಂದು ಪಟ್ಟಿಯನ್ನು ಅಂಟಿಸುತ್ತಾರೆ. ನಾಡಿಬಡಿತ ಬೇಕಿಲ್ಲವಾದ್ದರಿಂದ, ಹೃದಯವನ್ನು ನಿಲ್ಲಿಸಿ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿಯೂ ಇದು ಕೆಲಸ ಮಾಡುತ್ತದೆ. ಅಂಕಿ ಮೊದಲಿನದಕ್ಕಿಂತ ನೂರಕ್ಕೆ 20ರಷ್ಟು ಇಳಿದರೆ ವೈದ್ಯರು ರಕ್ತದೊತ್ತಡ, ರಕ್ತಹೀನತೆ, ಕತ್ತಿನ ಭಂಗಿ, ಉಸಿರಾಟದ ಯಂತ್ರದ ವೇಗ ಇವುಗಳನ್ನು ಪರಿಶೀಲಿಸುವುದು ವಾಡಿಕೆ.

ಆದರೂ ಅಳತೆಯೇ ರಕ್ಷಣೆಯಲ್ಲ. ಶಸ್ತ್ರಚಿಕಿತ್ಸೆಗೆ ಸಂಬಂಧಿಸದಿದ್ದರೂ, ತೀರ ಅಕಾಲದಲ್ಲಿ ಜನಿಸಿದ 1601 ಶಿಶುಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಮಾಪನದಿಂದ ಮರಣವಾಗಲಿ ಮಿದುಳಿನ ತೀವ್ರ ಹಾನಿಯಾಗಲಿ ಕಡಮೆಯಾಗಲಿಲ್ಲ. ಕಪ್ಪು ಮೈಬಣ್ಣದವರಲ್ಲಿ ಪಲ್ಸ್ ಆಕ್ಸಿಮೀಟರ್ ಕೊರತೆಯನ್ನು ಹೆಚ್ಚಾಗಿ ಮರೆಮಾಚುವುದೆಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ನಾಡಿನ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆಯನ್ನು ಮರೆಯಲಾಗದು.

ಕಣ್ಣಿನಿಂದ ಯಂತ್ರಕ್ಕೆ ಬಂದ ಈ ಇತಿಹಾಸದಿಂದ ನಾವು ಕಲಿಯಬೇಕಾದುದು ಇಷ್ಟು: ಪ್ರತಿಯೊಂದು ಉಪಕರಣವೂ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆ ಪ್ರಶ್ನೆ ಯಾವುದೆಂದು ಅರಿತವರ ಕೈಯಲ್ಲಿ ಮಾತ್ರ ಅದು ಶಿಶುವಿಗೆ ಕಾವಲಾಗುತ್ತದೆ.